ಕ್ಯಾಮೆರಾ ಮೇಲಿನ ಟಿಕಳಿ: ಕಲಬುರಗಿಯ ಒಂದು ಟ್ರಾವೆಲ್ಸ್‌ನಲ್ಲಿ ನಿದ್ದೆ ಅಲಾರಂ ಕೂರಿಸಿದ ಪ್ರಕರಣ

ಏಳು ಕಾರು, ಆರು ಮಂದಿ ಡ್ರೈವರ್, ಒಬ್ಬ ಮಾಲೀಕರು, ಒಂದೇ ಕೋಣೆಯ ಆಫೀಸು. ಕಲಬುರಗಿಯಲ್ಲಿ ಇಂಥ ಟ್ರಾವೆಲ್ಸ್ ಬೇಕಾದಷ್ಟಿವೆ. ಇದು ಅವುಗಳಲ್ಲಿ ಒಂದರ ಕತೆ. ಯಾರದೆಂದು ಗೊತ್ತಾಗಬಾರದು ಅಂತ ಹೆಸರು ಬಿಟ್ಟಿದ್ದೇನೆ, ಒಂದೆರಡು ಗುರುತು ಬದಲಿಸಿದ್ದೇನೆ. ನಾನು ಕಾರಿನ ವೈರಿಂಗ್ ಕೆಲಸದವನು. ಡ್ರೈವರ್‌ಗೆ ತೂಕಡಿಕೆ ಬಂದರೆ ಕೂಗುವ ಅಲಾರಂ ಈ ಕಾರುಗಳಿಗೆ ಕೂರಿಸಿದವನು ನಾನೇ. ಹಾಗಾಗಿ ಇಲ್ಲಿ ಆದ ತಪ್ಪುಗಳಲ್ಲಿ ನನ್ನ ಪಾಲೂ ಇದೆ. ಅದನ್ನೂ ಬರೆಯುತ್ತೇನೆ.

ಹಿನ್ನೆಲೆ

2019ರ ನವೆಂಬರ್‌ನಲ್ಲಿ ಕಲಬುರಗಿಗೆ ವಿಮಾನ ನಿಲ್ದಾಣ ಬಂತು. ಆದರೆ ದುಬೈಗೋ ಜೆಡ್ಡಾಗೋ ಅಮೆರಿಕಕ್ಕೋ ಹೋಗುವವರು ಇವತ್ತಿಗೂ ಹೆಚ್ಚಾಗಿ ಹೈದರಾಬಾದಿನ ಶಂಷಾಬಾದ್ ವಿಮಾನ ನಿಲ್ದಾಣಕ್ಕೇ ಹೋಗುತ್ತಾರೆ. ಹೈದರಾಬಾದ್ ಇಲ್ಲಿಂದ ಸುಮಾರು 220 ಕಿ.ಮೀ. ಕೆಲವರು ಸೇಡಂ, ಕೊಡಂಗಲ್ ಮೇಲೆ ಹೋಗುತ್ತಾರೆ. ಇವರ ಗಾಡಿಗಳು ಕಮಲಾಪುರ, ಹುಮನಾಬಾದ್, ಜಹೀರಾಬಾದ್ ಮೇಲೆ ಹೋಗುತ್ತವೆ. ವಿಮಾನ ಬೆಳಗಿನ ಜಾವಕ್ಕಿದ್ದರೆ ಪಾರ್ಟಿಯನ್ನು ನಡುರಾತ್ರಿಗೆ ಬಿಡಬೇಕು. ಬಿಟ್ಟು ವಾಪಸ್ ಬರುವಾಗ ಗಾಡಿ ಖಾಲಿ. ಮಾತಾಡಲು ಪಕ್ಕದಲ್ಲಿ ಯಾರೂ ಇಲ್ಲ, ಬೆಳಿಗ್ಗೆ ಎಂಟಕ್ಕೆ ಊರಲ್ಲಿ ಇನ್ನೊಂದು ಬಾಡಿಗೆ ಕಾಯುತ್ತಿರುತ್ತದೆ.

ಈ ಕತೆ ಶುರುವಾದ ದಿನ ಹಿರಿಯ ಡ್ರೈವರ್ ಎದ್ದದ್ದು ಬೆಳಿಗ್ಗೆ ಆರಕ್ಕೆ. ಎಲ್ಲರೂ ಅವರನ್ನು ಕಾಕಾ ಅನ್ನುತ್ತಾರೆ, ನಾನೂ ಹಾಗೇ ಬರೆಯುತ್ತೇನೆ. ಹಗಲು ಒಂದು ಕುಟುಂಬವನ್ನು ಗಾಣಗಾಪುರಕ್ಕೆ ಕರೆದುಕೊಂಡು ಹೋಗಿ ಬಂದರು. ಸಂಜೆ ಮನೆಗೆ ಹೋಗಿ ಎರಡು ರೊಟ್ಟಿ ತಿಂದರು. ರಾತ್ರಿ ಎಂಟೂವರೆಗೆ ಉಮ್ರಾಕ್ಕೆ ಹೊರಟಿದ್ದ ಪಾರ್ಟಿಯನ್ನು ಹತ್ತಿಸಿಕೊಂಡರು. ಒಂದು ಗಂಟೆಗೆ ಶಂಷಾಬಾದ್‌ನಲ್ಲಿ ಇಳಿಸಿ, ಹೊರಗೆ ಚಹಾ ಕುಡಿದು, ಹಾಗೇ ತಿರುಗಿಸಿದರು. ನಾಲ್ಕು ನಲವತ್ತರ ಹೊತ್ತಿಗೆ ಕಮಲಾಪುರದ ಹತ್ತಿರ ಕಾರು ರಸ್ತೆ ಬಿಟ್ಟು ಎಡಕ್ಕೆ ಇಳಿಯಿತು. ಕೊಯ್ಲಿಗೆ ಬಂದಿದ್ದ ತೊಗರಿ ಹೊಲದಲ್ಲಿ ಮೂವತ್ತು ಮಾರು ಹೋಗಿ ನಿಂತಿತು. ಬಂಪರ್ ಹೋಯಿತು, ರೇಡಿಯೇಟರ್ ಒಡೆಯಿತು. ಕಾಕಾಗೆ ಹಣೆಗೆ ಮೂರು ಹೊಲಿಗೆ, ಅಷ್ಟೇ.

ಮರುದಿನ ಅವರು ನನಗೆ ಹೇಳಿದ ಮಾತು ಇದು: "ಕಣ್ಣು ಮುಚ್ಚಿಲ್ರೀ ನಾ. ರೋಡ್ ನೋಡ್ಲತ್ತಿದ್ದೆ. ಆಮ್ಯಾಲ ಸೀದಾ ತೊಗರಿ ಕಾಣ್ತು."

ಅವರು ಸುಳ್ಳು ಹೇಳುತ್ತಿರಲಿಲ್ಲ. ಗಾಢ ನಿದ್ದೆಗೆ ಮೊದಲು ಕೆಲವು ಸೆಕೆಂಡಿನ ಜೊಂಪು ಬರುತ್ತದೆ. ಕಣ್ಣು ಅರ್ಧ ತೆರೆದೇ ಇರಬಹುದು, ಮಿದುಳು ಮಾತ್ರ ಆಫ್. ಬಂದದ್ದು ಬಂದವನಿಗೇ ಗೊತ್ತಾಗುವುದಿಲ್ಲ. 80 ಕಿ.ಮೀ. ವೇಗದಲ್ಲಿ ಕಾರು ಸೆಕೆಂಡಿಗೆ 22 ಮೀಟರ್ ಹೋಗುತ್ತದೆ. ಮೂರು ಸೆಕೆಂಡಿನ ಜೊಂಪು ಅಂದರೆ 66 ಮೀಟರ್ ಡ್ರೈವರ್ ಇಲ್ಲದ ಗಾಡಿ.

ಮಾಲೀಕರು ನನ್ನ ಅಂಗಡಿಗೆ ಬಂದರು. "ಇಪ್ಪತ್ತೈದು ವರ್ಷದ ಡ್ರೈವರ್, ಹ್ಯಾಂಗ್ ಮಲಗಿದ ನೋಡು. ಅಂಥಾ ಮಷೀನ್ ಅದಂತಲ್ಲ, ನಿದ್ದಿ ಬಂದ್ರ ಹೊಡ್ಕೊಳ್ಳೋದು. ಹಾಕಿಬಿಡು ತಮ್ಮಾ."

ನಾನು ಬೆಲೆ ಹೇಳಿದೆ. ಅವತ್ತು ಕಾಕಾ ಎಷ್ಟು ಗಂಟೆಯಿಂದ ಎದ್ದಿದ್ದರು ಅಂತ ಕೇಳಲಿಲ್ಲ. ಕೇಳಿದ್ದರೆ 22 ಗಂಟೆ ಮೀರಿತ್ತು ಅಂತ ಗೊತ್ತಾಗುತ್ತಿತ್ತು. 17 ಗಂಟೆ ಎಚ್ಚರವಿದ್ದವನ ಕೈ-ಕಣ್ಣಿನ ಹಿಡಿತ ರಕ್ತದಲ್ಲಿ 0.05% ಮದ್ಯ ಇರುವವನ ಮಟ್ಟಕ್ಕೆ ಇಳಿಯುತ್ತದೆ ಅಂತ 1997ರಲ್ಲೇ ಪ್ರಯೋಗ ಮಾಡಿ ತೋರಿಸಿದ್ದಾರೆ. ನಮ್ಮಲ್ಲಿ ಕುಡಿದು ಓಡಿಸಿದ್ದಾರೆ ಅಂತ ಹಿಡಿಯುವ ಮಿತಿ 0.03%. ಕಾಕಾ ಜೀವಮಾನದಲ್ಲಿ ಹನಿ ಮುಟ್ಟಿದವರಲ್ಲ.

ಮೊದಲ ಪ್ರಯತ್ನ: ಚಾ ಕಪ್ಪು

ಏಳರಲ್ಲಿ ಒಂದು ಹೊಸ ಗಾಡಿಗೆ ಕಂಪನಿಯಿಂದಲೇ ಈ ಅಲಾರಂ ಬಂದಿತ್ತು. ಮಾಲೀಕರಿಗೆ ಗೊತ್ತೇ ಇರಲಿಲ್ಲ. ಮೀಟರ್ ಪಕ್ಕದಲ್ಲಿ ಕಾಫಿ ಕಪ್ಪಿನ ಚಿತ್ರ ಹತ್ತುತ್ತದೆ, ಟಿಂಗ್ ಅನ್ನುತ್ತದೆ. ಡ್ರೈವರ್‌ಗಳು ಅದಕ್ಕೆ ಚಾ ಕಪ್ಪು ಅಂತ ಹೆಸರಿಟ್ಟರು. ಅದು ಇದ್ದರೆ ಸಾಕಲ್ವಾ, ಬೇರೆ ಗಾಡಿಗಳಿಗೂ ಅದನ್ನೇ ಹಾಕು ಅಂದರು ಮಾಲೀಕರು. ಹೊರಗಿಂದ ತಂದು ಕೂರಿಸುವ ಸಾಮಾನಲ್ಲ ಅದು. ಆದರೂ ಒಂದು ತಿಂಗಳು ಆ ಗಾಡಿಯನ್ನು ಗಮನಿಸಿದೆವು.

ಈ ತರಹದ್ದು ಡ್ರೈವರ್‌ನ ಮುಖ ನೋಡುವುದೇ ಇಲ್ಲ, ಸ್ಟೇರಿಂಗ್ ನೋಡುತ್ತದೆ. ಎಚ್ಚರವಿದ್ದಾಗ ನಮ್ಮ ಕೈ ಸ್ಟೇರಿಂಗನ್ನು ಸಣ್ಣಸಣ್ಣದಾಗಿ ತಿದ್ದುತ್ತಲೇ ಇರುತ್ತದೆ. ಮಂಪರು ಬಂದಾಗ ಒಂದು ಕ್ಷಣ ಏನೂ ಮಾಡದೆ ಸುಮ್ಮನಾಗುತ್ತದೆ, ಆಮೇಲೆ ದಿಗ್ಗನೆ ಎಳೆಯುತ್ತದೆ. ಈ ಜೋಡಿಯನ್ನು ಕಂಪ್ಯೂಟರ್ ಎಣಿಸುತ್ತದೆ. ಜೊತೆಗೆ ಎಷ್ಟು ಹೊತ್ತಿನಿಂದ ಓಡುತ್ತಿದೆ, ಗಂಟೆ ಎಷ್ಟು, ಇಂಡಿಕೇಟರ್ ಹಾಕುತ್ತಿದ್ದಾನಾ ಅನ್ನುವುದನ್ನೂ ಸೇರಿಸಿ ಲೆಕ್ಕ ಹಾಕುತ್ತದೆ. ಮರ್ಸಿಡಿಸ್ 2009ರಲ್ಲಿ ಇದನ್ನು ತಂದು ಕಾಫಿ ಕಪ್ಪಿನ ಗುರುತನ್ನು ಜನಪ್ರಿಯ ಮಾಡಿತು. ಅದಕ್ಕೂ ಮೊದಲು, 2007ರಲ್ಲಿ, ವೋಲ್ವೋ ಕಂಪನಿ, ಕಾರು ರಸ್ತೆಯ ಪಟ್ಟೆಯೊಳಗೆ ಹೇಗೆ ಓಲಾಡುತ್ತಿದೆ ಅಂತ ಕ್ಯಾಮೆರಾದಿಂದ ನೋಡುವ ಏರ್ಪಾಟು ತಂದಿತ್ತು.

ತೊಂದರೆ ಎಲ್ಲಿ ಅಂದರೆ, ಇವು ಹುಟ್ಟಿದ್ದು ನುಣ್ಣನೆ ಹೆದ್ದಾರಿಗೆ. ಮರ್ಸಿಡಿಸ್‌ನದು ಆರಂಭದಲ್ಲಿ 80 ಕಿ.ಮೀ. ದಾಟಿದ ಮೇಲೆ ಕೆಲಸ ಶುರುಮಾಡುತ್ತಿತ್ತು, ವೋಲ್ವೋದ್ದು 65. ಕಲಬುರಗಿ ಹುಮನಾಬಾದ್ ನಡುವೆ ಹಳ್ಳಿಗೊಂದು ಹಂಪ್, ಕಬ್ಬಿನ ಟ್ರ್ಯಾಕ್ಟರ್, ದಾರಿ ಬಿಡದ ಎಮ್ಮೆ. ವೇಗ ಮೇಲೇರುವುದೇ ಇಲ್ಲ, ಏರಿದರೂ ಮತ್ತೆ ಇಳಿಯುತ್ತದೆ. ಗುಂಡಿ ತಪ್ಪಿಸಲು ಕೈ ಹೇಗೂ ದಿಗ್ಗನೆ ಎಳೆಯುತ್ತಲೇ ಇರುತ್ತದೆ. ಆ ಎಳೆತ ಗುಂಡಿಯದೋ ನಿದ್ದೆಯದೋ ಅಂತ ಪಾಪದ ಕಂಪ್ಯೂಟರ್‌ಗೆ ಹೇಗೆ ಗೊತ್ತಾಗಬೇಕು?

ಆ ತಿಂಗಳಲ್ಲಿ ಚಾ ಕಪ್ಪು ಒಂದೇ ಒಂದು ಸಲ ಹತ್ತಿತು. ಹೈದರಾಬಾದಿನ ಹೊರ ವರ್ತುಲ ರಸ್ತೆಯಲ್ಲಿ, ಡ್ರೈವರ್ ಚಹಾ ಕುಡಿದು ಹತ್ತು ನಿಮಿಷ ಆದ ಮೇಲೆ.

ಎರಡನೇ ಪ್ರಯತ್ನ: ಕಣ್ಣು ನೋಡುವ ಕ್ಯಾಮೆರಾ

ಮೂರು ಗಾಡಿಗೆ ಕ್ಯಾಮೆರಾ ಕೂರಿಸಿದೆ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು. ಲೆನ್ಸ್ ಪಕ್ಕದಲ್ಲಿ ನಮ್ಮ ಕಣ್ಣಿಗೆ ಕಾಣದ ಅತಿಗೆಂಪು ಬೆಳಕಿನ ಎಲ್‌ಇಡಿ ಇರುತ್ತವೆ, ಹಾಗಾಗಿ ಕತ್ತಲಲ್ಲೂ ಮುಖ ಕಾಣುತ್ತದೆ. ಯಂತ್ರ ಮುಖದಲ್ಲಿ ಕಣ್ಣು ಹುಡುಕುತ್ತದೆ. ರೆಪ್ಪೆಯ ಅಂಚಿನ ಕೆಲವು ಬಿಂದು ಹಿಡಿದು, ಕಣ್ಣಿನ ಅಗಲಕ್ಕೆ ಎತ್ತರ ಎಷ್ಟು ಅಂತ ಪ್ರತಿ ಚಿತ್ರದಲ್ಲೂ ಅಳೆಯುತ್ತದೆ. ಮಾಮೂಲಿ ರೆಪ್ಪೆ ಬಡಿತ ಅರ್ಧ ಸೆಕೆಂಡಿನೊಳಗೆ ಮುಗಿಯುತ್ತದೆ. ಅದಕ್ಕಿಂತ ಜಾಸ್ತಿ ಹೊತ್ತು ಮುಚ್ಚಿದ್ದರೆ ಕೂಗುತ್ತದೆ. ಒಳ್ಳೆಯ ಯಂತ್ರಗಳು ಇನ್ನೊಂದು ಲೆಕ್ಕವನ್ನೂ ಇಡುತ್ತವೆ: ಕಳೆದ ಒಂದು ನಿಮಿಷದಲ್ಲಿ ಎಷ್ಟು ಪಾಲು ಹೊತ್ತು ಕಣ್ಣು ಶೇಕಡಾ 80ಕ್ಕಿಂತ ಹೆಚ್ಚು ಮುಚ್ಚಿತ್ತು? ಇದಕ್ಕೆ ಪರ್‌ಕ್ಲೋಸ್ ಅನ್ನುತ್ತಾರೆ, 1990ರ ದಶಕದಿಂದ ಬಳಕೆಯಲ್ಲಿರುವ ಅಳತೆ. ಒಂದು ಸಲದ ರೆಪ್ಪೆಗಿಂತ ಇದು ನಂಬಿಕೆಗೆ ಯೋಗ್ಯ.

ಕೂರಿಸುವ ಜಾಗದಲ್ಲೇ ನಾನು ಮೊದಲು ಎಡವಿದೆ. ಒಳಗಿನ ಕನ್ನಡಿ ಹತ್ತಿರ ಹಾಕಿದೆ. ಮೇಲಿನಿಂದ ನೋಡಿದರೆ ಎಂಥವನ ಕಣ್ಣೂ ಅರ್ಧ ಮುಚ್ಚಿದಂತೆ ಕಾಣುತ್ತದೆ. ಆಫೀಸಿನಿಂದ ಹೊರಟು ಸರ್ಕಲ್ ಮುಟ್ಟುವುದರೊಳಗೆ ನಾಲ್ಕು ಸಲ ಕೂಗಿತು. ಸ್ಟೇರಿಂಗ್ ಹಿಂದೆ ಇಟ್ಟೆ, ತಿರುವಿನಲ್ಲಿ ಕೈ ಅಡ್ಡ ಬಂತು. ಕೊನೆಗೆ ಡ್ಯಾಶ್‌ಬೋರ್ಡ್ ಮೇಲೆ ಬಲಗಡೆ ಕಂಬದ ಬುಡದಲ್ಲಿ, ಮುಖಕ್ಕಿಂತ ಸ್ವಲ್ಪ ಕೆಳಗೆ ನಿಲ್ಲಿಸಿದೆ. ಅಲ್ಲಿ ಸರಿಹೋಯಿತು.

ಸೂರ್ಯನದು ಬೇರೆ ಗೋಳು. ಬೆಳಿಗ್ಗೆ ಹೈದರಾಬಾದ್ ಕಡೆ ಹೊರಟರೆ ಸೂರ್ಯ ಎದುರಿಗೆ, ಸಂಜೆ ವಾಪಸ್ ಬಂದರೂ ಎದುರಿಗೇ. ಕಣ್ಣು ಕಿರಿದು ಮಾಡಿದರೆ ಯಂತ್ರಕ್ಕೆ ನಿದ್ದೆ ಅನ್ನಿಸುತ್ತದೆ. ಕರಿ ಕನ್ನಡಕ ಹಾಕಿದರೆ ಕೆಲವು ಗಾಜಿನ ಮೂಲಕ ಅತಿಗೆಂಪು ಬೆಳಕು ದಾಟುತ್ತದೆ, ಕೆಲವು ಗಾಜಿನಲ್ಲಿ ಇಲ್ಲ. ಮೂರು ಮಂದಿಯ ಕನ್ನಡಕ ತಂದು ಒಂದೊಂದಾಗಿ ಪರೀಕ್ಷೆ ಮಾಡಿದೆವು. ಒಬ್ಬನ ದುಬಾರಿ ಕನ್ನಡಕವೇ ಫೇಲ್ ಆಯಿತು.

ಕಾಕಾ ಗಾಡಿಯಲ್ಲಿ ಅಲಾರಂ ಎಲ್ಲರಿಗಿಂತ ಜಾಸ್ತಿ. ಅವರಿಗೆ ಐವತ್ತು ದಾಟಿದೆ, ರೆಪ್ಪೆ ಸಹಜವಾಗಿ ಸ್ವಲ್ಪ ಜೋತಿದೆ. ಅದಕ್ಕೇ ಇರಬೇಕು ಅಂದುಕೊಂಡೆ. ಯಂತ್ರದಲ್ಲಿ ಮೂರು ಮಟ್ಟದ ಸೂಕ್ಷ್ಮತೆ ಇತ್ತು. ಅವರದ್ದನ್ನು ಅತಿ ಕೆಳಗಿನದಕ್ಕೆ ಇಳಿಸಿದೆ. ಈ ಪ್ರಕರಣದಲ್ಲಿ ನಾನು ಮಾಡಿದ ದೊಡ್ಡ ತಪ್ಪು ಇದೇ. ಮುಂದೆ ಹೇಳುತ್ತೇನೆ.

ಎರಡನೇ ತಪ್ಪು ಮಾಲೀಕರು ಕೇಳಿ ಮಾಡಿಸಿದ್ದು. ಅಲಾರಂ ಹೊಡೆದುಕೊಂಡಾಗಲೆಲ್ಲ ಹತ್ತು ಸೆಕೆಂಡಿನ ವಿಡಿಯೋ ಅವರ ಮೊಬೈಲ್‌ಗೆ ಹೋಗುವಂತೆ ಜೋಡಿಸಿಕೊಟ್ಟೆ. ಅವರು ಅಲಾರಂಗೆ 200 ರೂಪಾಯಿಯಂತೆ ಡ್ರೈವರ್ ಬಾಟಾದಲ್ಲಿ ಹಿಡಿಯಲು ಶುರುಮಾಡಿದರು.

ಟಿಕಳಿ

ನಾಲ್ಕನೇ ವಾರ. ಒಬ್ಬ ಹುಡುಗನ ಗಾಡಿಯಿಂದ ಒಂಬತ್ತು ದಿನ ಒಂದೂ ಅಲಾರಂ ಬಂದಿರಲಿಲ್ಲ. ಮಾಲೀಕರು ಖುಷಿಯಲ್ಲಿದ್ದರು. "ನೋಡು ತಮ್ಮಾ, ಹುಡುಗ ಸುಧಾರಿಸ್ಯಾನ."

ನನಗೆ ಅನುಮಾನ ಬಂತು. ಒಂಬತ್ತು ದಿನದಲ್ಲಿ ಸೂರ್ಯನ ಕಾಟಕ್ಕಾದರೂ ಒಂದು ಸಲ ಕೂಗಬೇಕಲ್ಲ? ಗಾಡಿ ಅಂಗಡಿಗೆ ತರಿಸಿದೆ. ಕ್ಯಾಮೆರಾ ಇದ್ದಲ್ಲೇ ಇತ್ತು, ಹಸಿರು ದೀಪ ಉರಿಯುತ್ತಿತ್ತು. ಹತ್ತಿರ ಬಗ್ಗಿ ನೋಡಿದರೆ ಲೆನ್ಸ್ ಮೇಲೆ ಒಂದು ಟಿಕಳಿ. ಕಡುಗೆಂಪು, ಮಖಮಲ್ಲಿನದು, ಹೆಂಗಸರು ಹಣೆಗೆ ಹಚ್ಚುವಂಥದ್ದು. ಲೆನ್ಸ್‌ಗೆ ಅಳತೆ ಮಾಡಿ ತಂದಂತೆ ಕೂತಿತ್ತು. ಈ ಅಗ್ಗದ ಮಾಲು ಮುಖ ಕಾಣದಿದ್ದರೆ ಸುಮ್ಮನಿದ್ದುಬಿಡುತ್ತಿತ್ತು. ಲೆನ್ಸ್ ಮುಚ್ಚಿದೆ ಅಂತ ಕೂಗುವ ಯಂತ್ರಗಳೂ ಇವೆ, ಸ್ವಲ್ಪ ಬೆಲೆ ಜಾಸ್ತಿ.

ಉಗುರಿನಿಂದ ಎಬ್ಬಿಸಿದೆ. ಹುಡುಗ ಪಕ್ಕದಲ್ಲೇ ನಿಂತಿದ್ದ. ಬೈಯಬಹುದಿತ್ತು, ಮಾಲೀಕರಿಗೆ ಹೇಳಬಹುದಿತ್ತು. ಅವನ ಮುಖ ನೋಡಿ ಯಾಕೋ ಚಹಾ ತರಿಸಿದೆ.

"ಅಣ್ಣಾ, ಅದು ಹೊಡ್ಕೊಂಡ್ರ ನಾ ಏನ್ ಮಾಡ್ಬೇಕು ಹೇಳ್ರಿ" ಅಂದ. "ಗಾಡಿ ನಿಲ್ಸಿದ್ರ ಪಾರ್ಟಿ ಬೈತದ, ಫ್ಲೈಟ್ ತಪ್ತದ ಅಂತದ. ನಿಲ್ಸ್ಲಿಲ್ಲಂದ್ರ ಮಾಲಕ್ರು ರೊಕ್ಕ ಹಿಡೀತಾರ. ಹಿಂದ ಕುಂತವ್ರು ಆ ಸಪ್ಪಳ ಕೇಳಿ ಅಂಜ್ತಾರ. ನನಗ ನಿದ್ದಿ ಬಂದದ ಅಂತ ನನಗೂ ಗೊತ್ತದ. ಅದಕ್ಕ ಮಷೀನ್ ಯಾಕ ಬೇಕು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ತೂಕಡಿಕೆ ಬಂದವನಿಗೆ ಯಂತ್ರ ಬಂದಿದೆ ಅಂತ ಹೇಳುತ್ತದೆ. ಮಲಗಲು ಇಪ್ಪತ್ತು ನಿಮಿಷ ಕೊಡುವುದು ಅದರ ಕೈಯಲ್ಲಿಲ್ಲ. ಆ ಇಪ್ಪತ್ತು ನಿಮಿಷ ಪಾರ್ಟಿಯ ಕೈಯಲ್ಲಿ, ಮಾಲೀಕರ ಕೈಯಲ್ಲಿ ಇತ್ತು.

ಟಿಕಳಿ ವಿಷಯ ಮಾಲೀಕರಿಗೆ ಹೇಳಲಿಲ್ಲ. ಅದರ ಬದಲು ಅವರ ಮೊಬೈಲ್ ಇಸಿದುಕೊಂಡು, ಬಂದಿದ್ದ ಎಲ್ಲ ಅಲಾರಂಗಳ ಗಂಟೆಯನ್ನು ಒಂದು ಹಳೆಯ ಟ್ರಿಪ್ ಶೀಟಿನ ಹಿಂದೆ ಬರೆದೆ. ಬಿಸಿಲಿನದ್ದು ಅಂತ ವಿಡಿಯೋದಲ್ಲಿ ಗೊತ್ತಾದವನ್ನು ಹೊಡೆದು ಹಾಕಿದೆ. ಉಳಿದವು ಎರಡು ಗುಂಪಾದವು. ಒಂದು ರಾತ್ರಿ ಮೂರರಿಂದ ಐದು. ಇನ್ನೊಂದು ಮಧ್ಯಾಹ್ನ ಎರಡೂವರೆಯಿಂದ ನಾಲ್ಕು. ನಮ್ಮ ಮೈಯೊಳಗಿನ ಗಡಿಯಾರ ದಿನಕ್ಕೆ ಎರಡು ಸಲ ತಗ್ಗುವ ಹೊತ್ತುಗಳೇ ಅವು. ರಾತ್ರಿಯವು ಒಂದೂ ಬಿಡದಂತೆ, ಹಗಲೂ ಬಾಡಿಗೆ ಮಾಡಿದ್ದವರ ಗಾಡಿಯಲ್ಲಿ ಬಂದಿದ್ದವು. ಎಲ್ಲಕ್ಕಿಂತ ಹೆಚ್ಚು ಸಲ ಬಂದದ್ದು ಕಾಕಾ ಗಾಡಿಯಲ್ಲಿ, ನಾನು ಸೂಕ್ಷ್ಮತೆ ಇಳಿಸಿದ ಮೇಲೂ. ಮಾಲೀಕರಿಗೆ ಅವರ ಮೇಲೆ ನಂಬಿಕೆ ಜಾಸ್ತಿ, ಅದಕ್ಕೇ ಅವರಿಗೆ ಟ್ರಿಪ್ಪೂ ಜಾಸ್ತಿ.

ಹಾಳೆ ಮುಂದಿಟ್ಟೆ. ಮಾಲೀಕರು ಬಹಳ ಹೊತ್ತು ನೋಡಿದರು. "ಅಂದ್ರ ನಾನೇ ಮಾಡ್ಸ್ಲತ್ತೀನಿ ಅಂತೀಯೇನು?" ಅಂದರು. ಅಲ್ಲ ಅನ್ನಲೂ ಆಗಲಿಲ್ಲ, ಹೌದು ಅನ್ನಲೂ ಬಾಯಿ ಬರಲಿಲ್ಲ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯೇ ದಿನಕ್ಕೆ 8 ಗಂಟೆ, ಐದು ಗಂಟೆ ದುಡಿದ ಮೇಲೆ ಅರ್ಧ ಗಂಟೆ ಬಿಡುವು ಅಂತ ಹೇಳಿತ್ತು ಅಂತ ಮಾತ್ರ ಹೇಳಿದೆ. "ಕಾಯ್ದಿ ಪ್ರಕಾರ ನಡೆದ್ರ ಅಂಗಡಿ ಮುಚ್ಬೇಕು" ಅಂದರು. ಆದರೆ ಹಾಳೆ ಮಡಚಿ ಜೇಬಿಗೆ ಹಾಕಿಕೊಂಡರು.

ಬದಲಾಯಿಸಿದ್ದು

ಎರಡು ದಿನ ಬಿಟ್ಟು ಅವರೇ ಕರೆದರು. ಮೊದಲು 200 ರೂಪಾಯಿ ಕಡಿತ ನಿಂತಿತು. ವಿಡಿಯೋ ಹೋಗುವುದನ್ನೂ ನಿಲ್ಲಿಸಿದೆ, ಗಂಟೆ ಮಾತ್ರ ದಾಖಲಾಗುವಂತೆ ಬಿಟ್ಟೆ. ಒಂದು ಗಂಟೆಯೊಳಗೆ ಎರಡು ಸಲ ಕೂಗಿದರೆ ಸುರಕ್ಷಿತ ಜಾಗದಲ್ಲಿ ಗಾಡಿ ನಿಲ್ಲಿಸಿ ಇಪ್ಪತ್ತು ನಿಮಿಷ ಮಲಗುವುದು, ಅದಕ್ಕೆ ಯಾರೂ ಬೈಯುವಂತಿಲ್ಲ. ಬುಕಿಂಗ್ ಮಾಡುವಾಗಲೇ ಪಾರ್ಟಿಗೆ ಈ ಮಾತು ಹೇಳಿ, ಅರ್ಧ ಗಂಟೆ ಮೊದಲೇ ಹೊರಡಿಸುವುದು. ರಾತ್ರಿ ಶಂಷಾಬಾದ್‌ಗೆ ಹೋಗುವವನಿಗೆ ಹಗಲು ಬಾಡಿಗೆ ಇಲ್ಲ. ಬಿಟ್ಟ ಮೇಲೆ ಅಲ್ಲೇ ಒಂದು ಹಾಸಿಗೆ ಬಾಡಿಗೆಗೆ ಹಿಡಿದು ಬೆಳಗಾಗುವ ತನಕ ಮಲಗಿ ಬರುವುದು. ಈ ಕೊನೆಯದಕ್ಕೆ ಮಾಲೀಕರು ಒಂದು ವಾರ ಒಪ್ಪಲಿಲ್ಲ. ತೊಗರಿ ಹೊಲದ ರಿಪೇರಿ ಬಿಲ್ಲನ್ನು ಹಾಸಿಗೆ ಬಾಡಿಗೆಯಿಂದ ಭಾಗಿಸಿ ತೋರಿಸಿದ ಮೇಲೆ ಒಪ್ಪಿದರು.

ಡ್ರೈವರ್‌ಗಳಿಗೂ ಕೆಲವು ನಂಬಿಕೆ ಬಿಡಿಸಬೇಕಾಯಿತು. ಕಿಟಕಿ ಇಳಿಸುವುದು, ಹಾಡು ಜೋರು ಮಾಡುವುದು, ತಂಬಾಕು ಹಾಕಿಕೊಳ್ಳುವುದು. ಗಾಳಿ, ಹಾಡುಗಳಿಂದ ಎಚ್ಚರ ಆದಂತೆ ಅನ್ನಿಸುತ್ತದೆ, ಆದರೆ ಅದು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಕೆಲಸ ಮಾಡುವುದು ನಿದ್ದೆ ಮತ್ತು ಚಹಾ-ಕಾಫಿ. ಅದರಲ್ಲೂ ಒಂದು ಉಪಾಯ ಇದೆ: ಮೊದಲು ಗಟ್ಟಿ ಚಹಾ ಅಥವಾ ಕಾಫಿ, ಆಮೇಲೆ ನಿದ್ದೆ. ಒಳಗೆ ಹೋದದ್ದು ಕೆಲಸ ಶುರುಮಾಡಲು ಇಪ್ಪತ್ತು ಮೂವತ್ತು ನಿಮಿಷ ಬೇಕು, ಅಷ್ಟರಲ್ಲಿ ಎದ್ದಿರುತ್ತೀರಿ. ಅರ್ಧ ಗಂಟೆ ಮೀರಿ ಮಲಗಿದರೆ ಎದ್ದಾಗ ತಲೆ ಭಾರ, ಆ ಮಂಪರಿನಲ್ಲೇ ಹೊರಡುವುದು ಇನ್ನೂ ಕೆಟ್ಟದ್ದು. "ಚಾ ಕುಡ್ದು ಮಲಗೋದಾ?" ಅಂತ ಎಲ್ಲರೂ ನಕ್ಕರು. ಈಗ ಮೂವರು ಮಾಡುತ್ತಾರೆ.

ಹುಡುಗನ ಮೊದಲ ಪರೀಕ್ಷೆ ಹುಮನಾಬಾದ್ ಹತ್ತಿರ ಆಯಿತು. ಎರಡನೇ ಸಲ ಕೂಗಿತು, ಅವನು ಡಾಬಾ ಮುಂದೆ ನಿಲ್ಲಿಸಿದ. ಹಿಂದೆ ಕೂತಿದ್ದ ಗಂಡಸು ವಾಚ್ ನೋಡಿ ಕೂಗಾಡಿದ. ಜೊತೆಗಿದ್ದ ಅಜ್ಜಿ ಇಳಿದು, "ಮಲಕ್ಕೋ ಮಗನ, ನಾವೂ ಚಾ ಕುಡೀತೀವಿ" ಅಂದರಂತೆ. ಇದನ್ನು ಅವನು ನನಗೆ ಕಡಿಮೆ ಅಂದರೂ ಐದು ಸಲ ಹೇಳಿದ್ದಾನೆ. ವಿಮಾನ ತಪ್ಪಲಿಲ್ಲ.

ಕಾಕಾ ವಿಷಯ

ಹೊಸ ಪದ್ಧತಿ ಬಂದು ಮೂರು ವಾರಕ್ಕೆ ರಾತ್ರಿ ಅಲಾರಂ ಬಹಳ ಇಳಿದವು. ಕಾಕಾ ಗಾಡಿಯಲ್ಲಿ ಮಾತ್ರ ಇಳಿಯಲಿಲ್ಲ. ಹಗಲು ಬಾಡಿಗೆ ಇಲ್ಲ, ಎಂಟು ಗಂಟೆ ಮಲಗಿ ಬಂದಿದ್ದಾರೆ, ಆದರೂ ಬೆಳಿಗ್ಗೆ ಹತ್ತಕ್ಕೇ ಕೂಗುತ್ತದೆ. ಜೋತ ರೆಪ್ಪೆ ಅಂತ ನಾನೇ ತೀರ್ಮಾನ ಮಾಡಿದ್ದೆನಲ್ಲ, ಆ ಹಳೆಯ ವಿಡಿಯೋಗಳನ್ನು ಮತ್ತೆ ನೋಡಿದೆ. ಜೋತ ರೆಪ್ಪೆ ಆಗಿದ್ದರೆ ಯಾವಾಗಲೂ ಒಂದೇ ತರಹ ಇರಬೇಕು. ಇಲ್ಲಿ ಕಣ್ಣು ನಿಧಾನ ಇಳಿದು, ಮುಚ್ಚಿ, ತಲೆ ಮುಂದಕ್ಕೆ ವಾಲಿ, ಬೆಚ್ಚಿ ಮೇಲೇಳುತ್ತಿತ್ತು. ಯಂತ್ರ ಸರಿಯಾಗಿಯೇ ಹೇಳುತ್ತಿತ್ತು. ಅದರ ಬಾಯಿ ಮುಚ್ಚಿಸಿದ್ದು ನಾನು. ಹುಡುಗ ಟಿಕಳಿ ಹಚ್ಚಿದ್ದಕ್ಕೂ ನಾನು ಮಾಡಿದ್ದಕ್ಕೂ ಏನು ವ್ಯತ್ಯಾಸ?

ಸುಳಿವು ಸಿಕ್ಕಿದ್ದು ಶಂಷಾಬಾದ್‌ನ ಹಾಸಿಗೆಯಿಂದ. ಪಕ್ಕದಲ್ಲಿ ಮಲಗಿದ್ದ ಇನ್ನೊಬ್ಬ ಡ್ರೈವರ್ ಬಂದು, "ಕಾಕಾ ಗೊರಕಿ ಹೊಡೀತಾ ಹೊಡೀತಾ ಉಸ್ರು ನಿಲ್ಸಿಬಿಡ್ತಾರ್ರೀ, ನನಗ ಅಂಜಿಕಿ ಬಂತು" ಅಂದ. ನಿದ್ದೆಯಲ್ಲಿ ಗಂಟಲ ದಾರಿ ಮತ್ತೆ ಮತ್ತೆ ಕಟ್ಟಿ ಉಸಿರು ನಿಲ್ಲುವ ಕಾಯಿಲೆ ಇದೆ, ಸ್ಲೀಪ್ ಅಪ್ನಿಯಾ ಅನ್ನುತ್ತಾರೆ. ಎಂಟು ಗಂಟೆ ಮಲಗಿದರೂ ನಿದ್ದೆ ಆಗಿರುವುದಿಲ್ಲ. ಮಲಗಿದವನಿಗೆ ಇದು ತಿಳಿಯುವುದಿಲ್ಲ.

ಕಾಕಾ ಒಪ್ಪಲು ಒಂದು ತಿಂಗಳು ಹಿಡಿಯಿತು. "ಗೊರಕಿಗ್ಯಾಕ್ ದವಾಖಾನಿ?" ಅನ್ನುತ್ತಿದ್ದರು. ಕೊನೆಗೆ ಮಗಳು ಕರೆದುಕೊಂಡು ಹೋದಳು. ರಾತ್ರಿ ಮಲಗಿಸಿ ಮಾಡುವ ಪರೀಕ್ಷೆಯಲ್ಲಿ ಕಾಯಿಲೆ ಇರುವುದು ಖಾತ್ರಿಯಾಯಿತು. ಮುಖಕ್ಕೆ ಮಾಸ್ಕ್ ಹಾಕಿ ಗಾಳಿ ಒತ್ತುವ ಯಂತ್ರ ಬರೆದುಕೊಟ್ಟರು. ಅದರ ಬೆಲೆಯಲ್ಲಿ ಅರ್ಧ ಮಾಲೀಕರು ಕೊಟ್ಟರು, ಅರ್ಧ ಸಾಲವಾಗಿ ಬರೆದುಕೊಂಡರು. ರಾತ್ರಿ ಟ್ರಿಪ್ ಕಾಕಾಗೆ ನಿಂತಿತು. ಬಾಟಾ ಕಡಿಮೆ ಆಯಿತು ಅಂತ ಅವರಿಗೆ ಬೇಸರ ಇದ್ದೇ ಇದೆ.

ಈಗ

ಎಲ್ಲ ಸುಖಾಂತ ಅಂತ ಹೇಳಲಾರೆ. ಶಂಷಾಬಾದ್ ಬಾಡಿಗೆ ದರ ಏರಿಸಬೇಕಾಯಿತು, ಇಬ್ಬರು ಕಾಯಂ ಗಿರಾಕಿ ಬಿಟ್ಟುಹೋದರು. ಒಬ್ಬ ಡ್ರೈವರ್ ಹಗಲೂ ರಾತ್ರಿ ದುಡಿಸಿ ಜಾಸ್ತಿ ಕೊಡುವ ಬೇರೆ ಟ್ರಾವೆಲ್ಸ್ ಸೇರಿಕೊಂಡ. ಯುರೋಪಿನಲ್ಲಿ 2024ರ ಜುಲೈಯಿಂದ ಮಾರಾಟವಾಗುವ ಪ್ರತಿ ಹೊಸ ಕಾರಿಗೂ ನಿದ್ದೆ ಎಚ್ಚರಿಕೆ ಕಡ್ಡಾಯ. ನಮ್ಮಲ್ಲೂ ದೊಡ್ಡ ಬಸ್ಸು, ಲಾರಿಗಳಿಗೆ ಇದನ್ನು ತರಲು 2025ರಲ್ಲಿ ಕರಡು ಹೊರಬಿದ್ದಿದೆ. ಹಾಗಾಗಿ ನನ್ನ ಅಂಗಡಿಗೆ ಕೇಳಿಕೊಂಡು ಬರುವವರು ಹೆಚ್ಚಾಗಿದ್ದಾರೆ. ಈಗ ಬೆಲೆ ಹೇಳುವ ಮೊದಲು ಟ್ರಿಪ್ ಶೀಟ್ ತೋರಿಸಿ ಅನ್ನುತ್ತೇನೆ. ಅಲಾರಂ ಕೂಗಿದರೆ ನಿಮ್ಮ ಡ್ರೈವರ್ ಎಲ್ಲಿ ಮಲಗುತ್ತಾನೆ ಅಂತ ಕೇಳುತ್ತೇನೆ. ಕೆಲವರು ಎದ್ದು ಹೋಗುತ್ತಾರೆ. ಯಾರದೇ ಗಾಡಿಯಲ್ಲಿ ಸೂಕ್ಷ್ಮತೆ ಇಳಿಸುವ ಮೊದಲು ಒಂದು ವಾರದ ವಿಡಿಯೋ ನೋಡುತ್ತೇನೆ.

ಹೋದ ತಿಂಗಳು ಕಾಕಾ ಅಂಗಡಿಗೆ ಬಂದು, "ಮೊದ್ಲಿನಂಗ ಮಾಡು" ಅಂದರು. ಸೂಕ್ಷ್ಮತೆಯನ್ನು ನಡುವಿನ ಮಟ್ಟಕ್ಕೆ ಏರಿಸಿಕೊಟ್ಟೆ.

ಮಧ್ಯಾಹ್ನದ ಅಲಾರಂ ಮಾತ್ರ ಇನ್ನೂ ನಿಂತಿಲ್ಲ. ಏಪ್ರಿಲ್, ಹೊರಗೆ 42 ಡಿಗ್ರಿ, ಒಳಗೆ ಎಸಿ, ಹೊಟ್ಟೆಯಲ್ಲಿ ರೊಟ್ಟಿ ಪುಂಡಿಪಲ್ಯ. ಎರಡೂವರೆಗೆ ಯಾವ ಗಾಡಿ ಹೊರಟರೂ ಕೂಗುತ್ತದೆ. ಮಧ್ಯಾಹ್ನ ಒಂದು ತಾಸು ಗಾಡಿ ಬಿಡೋದು ಬೇಡ ಅಂತ ಮಾಲೀಕರಿಗೆ ಹೇಳಿ ನೋಡಿದೆ. ಮದುವೆ ಸೀಸನ್ ಅಂದರು. "ಮಳಿ ಬರ್ಲಿ ತಮ್ಮಾ, ಆಮ್ಯಾಲ ನೋಡಮು."